ತಲೆಸುತ್ತಿಗೆ ಕಣ್ಣೇ ಸಾಕ್ಷಿ

ಈ ಪತ್ರಿಕೆಯನ್ನು ಅಲುಗದಂತೆ ಹಿಡಿದುಕೊಂಡು, ತಲೆಯನ್ನು ಮಾತ್ರ ಎಡಬಲಕ್ಕೆ ಬಿರುಸಾಗಿ ಆಡಿಸುತ್ತ ಓದಿದರೂ ಅಕ್ಷರಗಳು ನಿಂತಲ್ಲೇ ನಿಂತು ಕಾಣುವುವು. ತಲೆಯನ್ನು ನಿಲ್ಲಿಸಿ ಪತ್ರಿಕೆಯನ್ನು ಅಷ್ಟೇ ಬಿರುಸಾಗಿ ಅಲುಗಿಸಿದರೆ ಎಲ್ಲವೂ ಕಲಸಿಹೋಗುವುದು. ಒಳಗಿವಿಯ ಮೂರು ಅರ್ಧವೃತ್ತ ನಾಳಗಳು ಶಿರಸ್ಸಿನ ಚಲನೆಯನ್ನು ಅರಿತು, ಸೆಕೆಂಡಿನ ಹೆಚ್ಚುಕಡಮೆ ಶತಾಂಶದಲ್ಲಿಯೇ ಕಣ್ಣಾಲಿಗಳನ್ನು ಎದುರು ದಿಕ್ಕಿಗೆ ಹೊರಳಿಸುವುದರಿಂದ ನಮಗೆ ಈ ಸೌಕರ್ಯ ದೊರಕಿದೆ.

ಇಂಥ ಅಲ್ಪವೆಂದು ತೋರುವ ಸಂಗತಿಗಾಗಿ ಆಯುಷ್ಯವನ್ನೇ ಸವೆಸುವ ವಿದ್ವಾಂಸರನ್ನು ಕಂಡು ‘ಇದರಿಂದ ಯಾರ ಹೊಟ್ಟೆ ತುಂಬೀತು?’ ಎನ್ನುವವರುಂಟು. ವಿಯೆನ್ನಾದ ರಾಬರ್ಟ್ ಬಾರಾನಿಯೆಂಬ ವೈದ್ಯನು, ಕಿವಿ ತೊಳೆಯುವ ನೀರು ತಣ್ಣಗಿದ್ದರೆ ರೋಗಿಯ ಕಣ್ಣುಗಳು ಒಂದು ಕಡೆಗೂ ಬಿಸಿಯಾಗಿದ್ದರೆ ಮತ್ತೊಂದು ಕಡೆಗೂ ತುಯ್ಯುವುದನ್ನು ಗಮನಿಸಿ, ಅದರ ಕಾರಣವನ್ನು ಬೆನ್ನಟ್ಟಿ, ಸಮತೋಲನೇಂದ್ರಿಯದ ಪರೀಕ್ಷೆಗೆ ತಳಹದಿ ಹಾಕಿದನು. 1914ರ ನೊಬೆಲ್ ಪಾರಿತೋಷಕ ತನಗೆ ಸಂದ ವಾರ್ತೆ ಮುಟ್ಟಿದಾಗ ಅವನು ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಮೀಪದ ವ್ಯಾಸಂಗ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದ ಆದಿತ್ಯ ಮೂರ್ತಿಯವರು, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದಲ್ಲಿದ್ದ ಕಾಲದಿಂದಲೂ, ದೃಷ್ಟಿಯು ಒಂದು ಗುರಿಯಿಂದ ಇನ್ನೊಂದಕ್ಕೆ ನೆಗೆಯುವ ಬಗೆಯನ್ನು ಶೋಧಿಸುತ್ತ ಬಂದವರು. ಎರಡು ಗುರಿಗಳನ್ನು ಒಂದರ ಹಿಂದೊಂದು ತೋರಿದರೆ ಮಿದುಳು ಎರಡು ನೆಗೆತಗಳನ್ನೂ ಜೊತೆಜೊತೆಗೇ ಸಿದ್ಧಗೊಳಿಸುತ್ತದೆ. ಪಾರ್ಕಿನ್ಸನ್ ರೋಗಿಗಳಲ್ಲಿ ಆ ಸಿದ್ಧತೆಗಳು ಸರದಿ ತಪ್ಪಿ ಬೆರೆತು, ನೋಟವು ಎರಡೂ ಗುರಿಗಳನ್ನು ಬಿಟ್ಟು ನಡುವೆ ಬೀಳುವುದು ಹೆಚ್ಚೆಂದು ಅವರೂ ಅವರ ಸಹೋದ್ಯೋಗಿಗಳೂ 2013ರಲ್ಲಿ ತೋರಿಸಿದರು. ನಡಿಗೆಯ ಹಿಡಿತವನ್ನೇ ಕೆಡಿಸುವ ರೋಗದ ಸುಳಿವು ಕಣ್ಣಿನಲ್ಲಿ ದೊರೆಯುವುದೆಂದರೆ ಅದು ಸಾಮಾನ್ಯ ಲಾಭವಲ್ಲ.

ಆದರೆ ಈ ಜ್ಞಾನ ನಮ್ಮ ಚನ್ನಗಿರಿ ತಾಲ್ಲೂಕಿನ ನಲ್ಲೂರಿನವರೆಗೆ ಬರಬೇಡವೆ? ಅಡಿಕೆ ಮರದ ತುದಿಯಲ್ಲಿ ಗೊನೆ ಕೀಳುವವನಿಗೆ ತಲೆ ಗಿರ್ರೆಂದರೆ ಅದು ಪ್ರಾಣದ ಪ್ರಶ್ನೆ. ನಮ್ಮಲ್ಲಿ ತಲೆಸುತ್ತೆಂದರೆ ಪಿತ್ತ, ಇಲ್ಲವೆ ಬಿ.ಪಿ.; ಎರಡಕ್ಕೂ ಬಗ್ಗದಿದ್ದರೆ ಒಂದು ಬಾಟ್ಲಿ ಗ್ಲೂಕೋಸ್! ಮಗ್ಗುಲು ಹೊರಳಿದೊಡನೆ ಕ್ಷಣಕಾಲ ಮನೆಯೆಲ್ಲ ತಿರುಗಿದಂತಾಗುವ ವ್ಯಾಧಿಗೆ ಅನೇಕ ವೇಳೆ ಕಾರಣ, ಒಳಗಿವಿಯ ಸುಣ್ಣದ ಸೂಕ್ಷ್ಮ ಹರಳುಗಳು ಸ್ಥಾನ ಬಿಟ್ಟು ನಾಳದೊಳಕ್ಕೆ ಸರಿದಿರುವುದು. ರೋಗಿಯ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿ ನೋಡಿದರೆ ಆಲಿಯ ತುಯ್ತವೇ ಅದನ್ನು ಹೇಳಿಬಿಡುತ್ತದೆ. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬಿಬ್ಬರು 1952ರಲ್ಲಿಯೇ ವಿವರಿಸಿದ ಪರೀಕ್ಷೆಯಿದು. ಬಳಿಕ ಅಮೆರಿಕದ ಜಾನ್ ಎಪ್ಲಿ ಕ್ರಮಪಡಿಸಿದಂತೆ (ಆತನನ್ನು ಸಹವೈದ್ಯರೇ ಬಹುಕಾಲ ನಂಬಲಿಲ್ಲ) ತಲೆಯನ್ನು ಹಂತಹಂತವಾಗಿ ಹೊರಳಿಸಿದರೆ ಹರಳು ನಾಳದಿಂದ ಸರಿದುಹೋಗಿ, ಎಷ್ಟೋ ಮಂದಿಗೆ ಅಂದೇ ಗುಣ ಕಾಣುವುದು. ಯಂತ್ರ ಬೇಡ, ಔಷಧ ಬೇಡ; ಒಂದು ಮಂಚ, ಬಲ್ಲ ವೈದ್ಯ, ಇಷ್ಟಿದ್ದರೆ ಸಾಕು.

ಆದಕಾರಣ ಆರೋಗ್ಯ ಇಲಾಖೆಯು ಚನ್ನಗಿರಿ ತಾಲ್ಲೂಕು ಆಸ್ಪತ್ರೆಯ ಮತ್ತು ಸುತ್ತಣ ಆರೋಗ್ಯ ಕೇಂದ್ರಗಳ ವೈದ್ಯರಿಗೆಲ್ಲ ಈ ವಿದ್ಯೆಯನ್ನು ಕಲಿಸತಕ್ಕದ್ದು. ಓದುಗರಾದರೋ, ತಲೆಸುತ್ತಿನೊಡನೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಲಕ್ವವಿರಬಹುದೆಂದು ಬಗೆದು, ಪಿತ್ತದ ಕಷಾಯಕ್ಕೆ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿರಿ.