ಅಜ್ಜಿಯ ಮುಖಕ್ಕೆ ಅಜ್ಜನ ಲೆನ್ಸ್

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಗೋಡೆಗೆ ಹಾಕಲು ಫೋಟೋ ಹುಡುಕುವ ಪರದಾಟ ದೊಡ್ಡವರಿಗೆ ಗೊತ್ತು. ಮೊಬೈಲಿನಲ್ಲಿ ಸಾವಿರ ಚಿತ್ರಗಳಿರುತ್ತವೆ. ಅಜ್ಜಿಯ ಮುಖ ಮಾತ್ರ ಯಾರದೋ ಮದುವೆಯ ಗುಂಪಿನ ಮೂರನೇ ಸಾಲಿನಲ್ಲಿ! ಅದನ್ನೇ ಕತ್ತರಿಸಿ, ಹಿಗ್ಗಿಸಿ, ಕಟ್ಟು ಹಾಕಿಸುತ್ತೇವೆ. ನನಗೆ ಇದು ಸರಿಕಾಣುವುದಿಲ್ಲ. ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿರುವಾಗಲೇ ಒಂದು ಒಳ್ಳೆಯ ಚಿತ್ರ ತೆಗೆದಿಡಬೇಕು. ಅದಕ್ಕೆ ಬೇಕಾದ ಸಾಮಾನು ಕೆಲವು ಮನೆಗಳ ಬೀರುವಿನಲ್ಲೇ ಇದೆ. ಅದೇ ಅಜ್ಜನ ಫಿಲ್ಮ್ ಕ್ಯಾಮೆರಾದ ಉದ್ದನೆಯ ಜೂಮ್ ಲೆನ್ಸ್.

"ಮೊಬೈಲಿನಲ್ಲಿ ನನ್ನ ಮೂಗು ಬದನೆಕಾಯಿ ಥರ ಬರುತ್ತೆ" ಎಂದು ಅಜ್ಜಿಯರು ಗೊಣಗುವುದು ಸುಳ್ಳಲ್ಲ. ಮಕ್ಕಳೇ, ಲೆಕ್ಕ ಹಾಕಿ. ಮೊಬೈಲು ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿದೆ, ಕಿವಿ ಅದಕ್ಕಿಂತ 10 ಸೆಂಟಿಮೀಟರ್ ಹಿಂದಿದೆ ಎನ್ನೋಣ. ಕಿವಿಗೆ ಹೋಲಿಸಿದರೆ ಮೂಗು ಮೂರನೇ ಒಂದು ಪಾಲು ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಅದೇ 2 ಮೀಟರ್ ದೂರ ಹೋಗಿ ನೋಡಿದರೆ ಆ ಹೆಚ್ಚಳ ನೂರಕ್ಕೆ 5 ಮಾತ್ರ. ಮುಖದ ಆಕಾರ ಸರಿಮಾಡುವುದು ಲೆನ್ಸ್ ಅಲ್ಲ, ದೂರ. ಅಷ್ಟು ದೂರದಿಂದಲೂ ಮುಖ ಚೌಕಟ್ಟು ತುಂಬುವಂತೆ ಮಾಡುವುದಷ್ಟೇ ಲೆನ್ಸಿನ ಕೆಲಸ.

ನನ್ನ ಬಳಿ ಇರುವುದು ನಿಕಾನ್ ಸೀರೀಸ್ ಇ, 75-150 ಮಿಲಿಮೀಟರ್. 1980ರಲ್ಲಿ ಬಂದದ್ದು, ಆಗ ಅಗ್ಗದ ಸಾಲಿಗೆ ಸೇರಿದ್ದು. ಒಂದೇ ಉಂಗುರ. ತಿರುಗಿಸಿದರೆ ಫೋಕಸ್, ಹಿಂದೆ ಮುಂದೆ ಜಾರಿಸಿದರೆ ಜೂಮ್. ಮಕ್ಕಳಿಗೆ ಇದು ಬಲು ಇಷ್ಟ, ಪೀಪಿಯ ಹಾಗೆ ಆಡಿಸುತ್ತಾರೆ. ಇಂಥ ಲೆನ್ಸ್‌ಗಳ ಉಂಗುರ ವರ್ಷ ಕಳೆದಂತೆ ಸಡಿಲವಾಗಿ, ಕೆಳಗೆ ಬಾಗಿಸಿದರೆ ತಾನೇ ಜಾರುತ್ತದೆ. ಅಗಲವಾದ ರಬ್ಬರ್ ಬ್ಯಾಂಡ್ ಒಂದು ಸಾಕು.

ಹೊಸ ಕ್ಯಾಮೆರಾಕ್ಕೆ ಹಳೆಯ ಲೆನ್ಸ್ ಕೂರುವುದು ಹೇಗೆ? ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲ, ಹಾಗಾಗಿ ಒಡಲು ತೆಳ್ಳಗೆ. ನಿಕಾನ್‌ನ ಹಳೆಯ ಲೆನ್ಸ್ ಸೆನ್ಸರಿನಿಂದ 46.5 ಮಿಲಿಮೀಟರ್ ದೂರ ಕೂರಬೇಕು. ಅದೇ ಕಂಪನಿಯ ಹೊಸ ಝಡ್ ಕ್ಯಾಮೆರಾಗಳಲ್ಲಿ ಆ ದೂರ 16 ಮಾತ್ರ. ಉಳಿದ 30.5 ಮಿಲಿಮೀಟರನ್ನು ಗಾಜಿಲ್ಲದ ಒಂದು ಟೊಳ್ಳು ಕೊಳವೆ ತುಂಬುತ್ತದೆ. ಅದೇ ಅಡಾಪ್ಟರ್. ಸಾದಾ ಅಡಾಪ್ಟರ್ ಹಾಕಿದಾಗ ಕ್ಯಾಮೆರಾ ಲೆನ್ಸನ್ನು ಗುರುತಿಸದು. ಮೆನುವಿನಲ್ಲಿ 'ಲೆನ್ಸ್ ಇಲ್ಲದಿದ್ದರೂ ಕ್ಲಿಕ್ಕಿಸು' ಎಂಬ ಅರ್ಥದ ಆಯ್ಕೆ ಇದ್ದರೆ ಅದನ್ನು ತೆರೆದಿಡಿ.

ಫೋಕಸ್ ಕೈಯಲ್ಲೇ ಮಾಡಬೇಕು. ಇಲ್ಲಿ ಅವಸರ ನಡೆಯದು. 150ಕ್ಕೆ ಎಳೆದು, ಎಫ್ 3.5ಕ್ಕೆ ತೆರೆದು, 2 ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿರುವ ಪದರ ಸುಮಾರು 4 ಸೆಂಟಿಮೀಟರ್ ಮಾತ್ರ. ಅಜ್ಜಿ ನಕ್ಕು ಹಿಂದಕ್ಕೆ ವಾಲಿದರೆ ಕಣ್ಣು ಮಂಜು! ಪರದೆಯಲ್ಲಿ ಕಣ್ಣನ್ನು ಹಿಗ್ಗಿಸಿ ನೋಡಿಕೊಳ್ಳಿ. ಎಫ್ 5.6ಕ್ಕೆ ಇಳಿಸಿದರೆ ಸ್ವಲ್ಪ ನಿರಾಳ, ಹಿಂದಿನ ಬಚ್ಚಲ ಗೋಡೆಯೂ ಮಸುಕಾಗಿಯೇ ಉಳಿಯುತ್ತದೆ. ಕೈ ನಡುಗುವ ಅಜ್ಜಂದಿರು ಶಟರ್ ವೇಗವನ್ನು ಸೆಕೆಂಡಿನ 200ನೇ ಒಂದು ಭಾಗಕ್ಕಿಂತ ಕಡಿಮೆ ಮಾಡದಿರಲಿ. ಮೊಣಕೈಯನ್ನು ಕಿಟಕಿಯ ಕಟ್ಟೆಗೆ ಊರಿದರೆ ಇನ್ನೂ ವಾಸಿ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 75 ಮಿಲಿಮೀಟರ್ ನೋಟ 112ರಂತೆ ಇರುತ್ತದೆ, ಎಳೆಯುವ ಅಗತ್ಯವೇ ಬೀಳದು.

ಬೀರುವಿನಿಂದ ತೆಗೆದ ಲೆನ್ಸಿಗೆ ಮೊದಲು ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲ ಅದಕ್ಕೆ ಹಬ್ಬ. ಸ್ವಲ್ಪವೇ ಇದ್ದರೆ ಚಿತ್ರಕ್ಕೆ ಅಷ್ಟೇನೂ ತೊಂದರೆಯಿಲ್ಲ, ಆದರೆ ಬೇರೆ ಲೆನ್ಸ್‌ಗಳ ಜೊತೆ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇನ್ನೊಂದು ಮಾತು, ಲೆನ್ಸಿನ ಮೂಲಕ ಸೂರ್ಯನನ್ನು ನೋಡಲೇಬಾರದು, ಕಣ್ಣು ಸುಟ್ಟೀತು.

ಬೆಳಕಿಗೆ ಬೆಳಗಿನ ಜಗಲಿಯೇ ಚೆನ್ನ, ಫ್ಲ್ಯಾಶ್ ಬೇಡ. ಹಳೆಯ ಲೆನ್ಸ್ ಎದುರುಬಿಸಿಲಿಗೆ ಬೇಗ ಮಸಕುಗಟ್ಟುತ್ತದೆ, ಬಿಸಿಲು ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ. ಮೊಮ್ಮಗಳು ಕ್ಯಾಮೆರಾ ಹಿಡಿಯಲಿ, ಉಂಗುರ ತಿರುಗಿಸುವುದನ್ನು ಅಜ್ಜ ಹೇಳಿಕೊಡಲಿ. ಅಜ್ಜಿ "ಸಾಕು ಮಾಡ್ರೋ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಗದರುವಾಗ ಇನ್ನೊಂದು ಕ್ಲಿಕ್ಕಿಸಿ. ಅಚ್ಚು ಹಾಕಿಸಿದ ಮೇಲೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ತಾರೀಖು ಬರೆದಿಡಿ.