ಪೋಸ್ಟರ್ ಸಾಕು, ಮಕ್ಕಳ ಕೈಗೆ ಸ್ಕೇಲು ಕೊಡಿ

ಜೂನ್ 8 ಬಂತೆಂದರೆ ಕರಾವಳಿಯ ಶಾಲೆಗಳಲ್ಲಿ ಒಂದೇ ಚಿತ್ರ. ನೀಲಿ ಅಲೆ, ಅಳುವ ಆಮೆ, ಪ್ಲಾಸ್ಟಿಕ್ ಬಾಟಲಿ, ಕೆಳಗೆ 'ಸಾಗರ ಉಳಿಸಿ'. ವಿಶ್ವ ಸಾಗರ ದಿನ ಮುಗೀತು! ಬೋಟು, ಬಲೆ, ಮೀನುಪೇಟೆ ನೋಡಿಯೇ ಬೆಳೆಯುವ ನಮ್ಮ ಬೆಳಕೆ, ಭಟ್ಕಳ, ಹೊನ್ನಾವರದ ಮಕ್ಕಳಿಗೆ ಕಲಿಸೋದು ಇಷ್ಟೇನಾ?

ಪೋಸ್ಟರ್ ಬರೆಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಪೋಸ್ಟರ್‌ನಲ್ಲಿ ತಪ್ಪೆಲ್ಲ ಚಿಪ್ಸ್ ಪೊಟ್ಟಣ ಎಸೆದ ಹುಡುಗನದ್ದೇ. ಅಂಕಿ-ಅಂಶ ಕೊಟ್ಟು ನೋಡಿ, ಅದೇ ಹುಡುಗ ದೊಡ್ಡವರನ್ನು ಪ್ರಶ್ನೆ ಕೇಳ್ತಾನೆ. ನಮಗೆ ಬೇಡವಾಗಿರೋದು ಅದೇ ಇರಬೇಕು!

ಒಂದು ಉದಾಹರಣೆ. ತಾರ್ಲೆ ಅನ್ನಿ, ಬೂತಾಯಿ ಅನ್ನಿ, ಬಡವರ ಮೀನು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಕೇರಳಕ್ಕೆ ಸಿಕ್ಕ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ ಬರೀ 3,297 ಟನ್! ಈ ಎರಡು ಸಂಖ್ಯೆ ಬೋರ್ಡಿನ ಮೇಲೆ ಬರೆದರೆ ಸಾಕು, 'ಮೀನೆಲ್ಲ ಎಲ್ಲಿ ಹೋಯ್ತು ಸರ್?' ಅಂತ ಮಕ್ಕಳೇ ಕೇಳ್ತಾರೆ. ಎಲ್ ನಿನೊ, ಬಿಸಿಯಾಗುತ್ತಿರುವ ಸಮುದ್ರ, ಅತಿಯಾದ ಬೇಟೆ, ಮರಿಮೀನು ಬಾಚುವುದು... ಕಾರಣ ಒಂದಲ್ಲ ಅನ್ನೋದೇ ದೊಡ್ಡ ಪಾಠ.

'ಹಳ್ಳಿ ಮಕ್ಕಳಿಗೆ ಗ್ರಾಫ್ ಎಲ್ಲಿ ಅರ್ಥ ಆಗುತ್ತೆ?' ಅನ್ನೋರಿದ್ದಾರೆ. ಕ್ರಿಕೆಟ್ಟಿನ ರನ್‌ರೇಟ್ ಅರ್ಥ ಆಗೋ ಮಕ್ಕಳಿಗೆ ಇದು ಆಗಲ್ವೇ? ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಉಷ್ಣತೆ, ಕ್ಲೋರೋಫಿಲ್ ನೋಡಿ ಮೀನು ಸಿಗಬಹುದಾದ ಜಾಗವನ್ನು ಮೀನುಗಾರರಿಗೆ ತಿಳಿಸುತ್ತೆ, ಕನ್ನಡದಲ್ಲೂ. ಅಪ್ಪ ಬೋಟಿನಲ್ಲಿ ಬಳಸಬಹುದಾದ ವಿಜ್ಞಾನ ಮಗಳ ತರಗತಿಗೆ ಮಾತ್ರ ಬರಬಾರದಾ?

ದುಡ್ಡೂ ಬೇಡ, ಲ್ಯಾಬೂ ಬೇಡ. 2015ರಲ್ಲಿ ಕೇರಳ ಸರ್ಕಾರ ಬೂತಾಯಿ 10 ಸೆಂ.ಮೀ., ಬಂಗಡೆ 14 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಅಂತ ನಿಯಮ ಮಾಡಿತು. ಜೂನ್-ಜುಲೈ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ ಮಕ್ಕಳನ್ನು ಸ್ಕೇಲು, ನೋಟ್‌ಬುಕ್ ಸಮೇತ ಮೀನುಪೇಟೆಗೆ ಕರೆದೊಯ್ಯಿರಿ. ವಾರಕ್ಕೆ ಐವತ್ತು ಬಂಗಡೆ ಅಳೆಯಲಿ. ಹದಿನಾಲ್ಕಕ್ಕಿಂತ ಚಿಕ್ಕವು ಎಷ್ಟು, ಬರೆಯಲಿ. ಮುಂದಿನ ವರ್ಷದವರು ಅದೇ ಪುಸ್ತಕ ಮುಂದುವರಿಸಲಿ. ಐದು ವರ್ಷಕ್ಕೆ ಆ ಶಾಲೆಯ ಬಳಿ ತನ್ನದೇ ದಾಖಲೆ ಇರುತ್ತೆ. ಸಂದೇಹ ಬಂದರೆ ಕೇಳೋಕೆ ನಮ್ಮ ಜಿಲ್ಲೆಯ ಕಾರವಾರದಲ್ಲೇ ಆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ.

ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಬಾವುಟ ಬೇಕೆಂದರೆ ನೀರಿನ ಪರೀಕ್ಷೆ ಮಾಡಿಸಿ ಫಲಿತಾಂಶ ತೀರದಲ್ಲೇ ಪ್ರಕಟಿಸಬೇಕು. ಅಲ್ಲಿಗೆ ಪಿಕ್ನಿಕ್ ಹೋಗುವ ಎಷ್ಟು ಶಾಲೆಯವರು ಮಕ್ಕಳಿಂದ ಅದನ್ನು ಓದಿಸಿದ್ದಾರೆ?

ನಾಳೆ ಬಂದರು ಬೇಕೋ ಬೇಡವೋ, ಬಲೆಯ ಕಣ್ಣು ಎಷ್ಟಿರಬೇಕು ಅನ್ನೋ ಜಗಳ ಬಂದಾಗ ಈ ಮಕ್ಕಳೇ ಮಾತಾಡಬೇಕು. ಆಗ ಅವರ ಕೈಯಲ್ಲಿ ಲೆಕ್ಕ ಇರಬೇಕು. ಘೋಷಣೆಗೆ ಯಾರೂ ಹೆದರೋಲ್ಲ.

ನಿಮ್ಮಲ್ಲಿ ಮೇಷ್ಟ್ರುಗಳಿದ್ದೀರಿ. ಈ ಆಗಸ್ಟಿಗೆ ಒಬ್ಬರಾದರೂ ಶುರು ಮಾಡ್ತೀರಾ?