ಹಿತ್ತಿಲ ಗಿಡವೂ ಅಂಗಡಿಯ ವಿಮಾನವೂ

ಕಳೆದ ಬಾರಿಯ ಶಾಲಾ ವಸ್ತುಪ್ರದರ್ಶನದಲ್ಲಿ ಮಾದರಿ ವಿಮಾನಗಳಿಗೆಂದು ಒಂದು ಮೇಜನ್ನು ಮೀಸಲಾಗಿ ಇಟ್ಟಿದ್ದೆವು. ವಿದ್ಯಾರ್ಥಿಗಳು ಬಿಡಿಭಾಗಗಳನ್ನು ಜೋಡಿಸಿ, ಅಂಟಿಸಿ, ಬಣ್ಣ ಬಳಿದು ತಂದಿರಿಸಿದ ವಿಮಾನಗಳು ಒಟ್ಟು ಒಂಬತ್ತು. ಅವುಗಳಲ್ಲಿ ಐದು ಇಂಗ್ಲೆಂಡಿನ ಸ್ಪಿಟ್‌ಫೈರ್. ಎರಡು ಜರ್ಮನಿಯ ಮೆಸರ್‌ಸ್ಮಿಟ್. ಉಳಿದೆರಡು ಅಮೆರಿಕದ ಮಸ್ಟಾಂಗ್. ಕೆಲಸ ಅಚ್ಚುಕಟ್ಟಾಗಿತ್ತು. ನೋಡಬಂದ ಪೋಷಕರೆಲ್ಲ ಮೆಚ್ಚಿದರು, ನಾನೂ ಮೆಚ್ಚಿದೆನು.

ಅದೇ ತಿಂಗಳು ನಮ್ಮ ತರಗತಿಯವರು ವರಳಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಹೋಗಿದ್ದೆವು. ಅಲ್ಲಿ ಮಾರುತ ಎಂಬ ಜೆಟ್ ಯುದ್ಧವಿಮಾನವೊಂದನ್ನು ನಿಲ್ಲಿಸಿದ್ದಾರೆ. ಮಾದರಿಯಲ್ಲ, ಸಾಕ್ಷಾತ್ ವಿಮಾನ. ಮೇಜಿನ ಮೇಲೆ ವಿಮಾನಗಳನ್ನಿರಿಸಿದ್ದ ಹುಡುಗರೇ ಅದರ ಪಕ್ಕದಲ್ಲಿ ಓಡಿ ಮುಂದಕ್ಕೆ ಹೋದರು. ಒಬ್ಬನು ಮಾತ್ರ ಹಿಂದೆ ನಿಂತು, "ಸಾರ್, ಇದು ಯಾವ ದೇಶದ್ದು?" ಎಂದು ಕೇಳಿದನು. "ಬೆಂಗಳೂರಿನದು" ಎಂದೆನು. ನಾನು ತಮಾಷೆ ಮಾಡುತ್ತಿರುವೆನೆಂದು ಭಾವಿಸಿ ಅವನು ನಕ್ಕನು.

ಆ ನಗುವೇ ಈ ಲೇಖನಕ್ಕೆ ಕಾರಣ. ಹುಡುಗನದು ತಪ್ಪೆಂದು ನಾನು ಹೇಳಲಾರೆ. ಅವನು ನೋಡಿದ ಯಾವ ಅಂಗಡಿಯಲ್ಲಿಯೂ ಆ ವಿಮಾನದ ಪೆಟ್ಟಿಗೆ ಇರಲಿಲ್ಲ. ಅಂಗಡಿಯಲ್ಲಿ ಇಲ್ಲದುದು ಲೋಕದಲ್ಲಿಯೇ ಇಲ್ಲವೆಂದು ಬಾಲಕನು ತಿಳಿದುಕೊಂಡರೆ ಆಶ್ಚರ್ಯವೇನು? ಆದರೆ ಆ ತಿಳಿವಳಿಕೆ ತಿದ್ದತಕ್ಕದ್ದು. ಅಂಗಡಿಯ ಕಪಾಟು ಬೇಡಿಕೆಯನ್ನು ಅಳೆಯುತ್ತದೆ, ಯೋಗ್ಯತೆಯನ್ನು ಅಳೆಯುವುದಿಲ್ಲ.

ಕೆಲವು ವಿಮಾನಗಳು ಮಾತ್ರ ಎಲ್ಲೆಲ್ಲಿಯೂ ದೊರೆಯುವುದೇಕೆ? ಪ್ಲಾಸ್ಟಿಕ್ ಕಿಟ್ ತಯಾರಾಗುವ ಬಗೆಯನ್ನು ತಿಳಿದರೆ ಈ ಗುಟ್ಟು ಬಿಡಿಸಿಕೊಳ್ಳುತ್ತದೆ. ಉಕ್ಕಿನ ಎರಡು ದಪ್ಪ ಪಾಲುಗಳಲ್ಲಿ ರೆಕ್ಕೆ, ಒಡಲು, ಬಾಲ, ಗಾಲಿ ಇವುಗಳ ಆಕಾರವನ್ನು ಬಲು ಸೂಕ್ಷ್ಮವಾಗಿ ಕೊರೆಯುತ್ತಾರೆ. ಆ ಪಾಲುಗಳನ್ನು ಒಂದಕ್ಕೊಂದು ಒತ್ತಿಹಿಡಿದು, ನಡುವಣ ಪೊಳ್ಳಿಗೆ ಕರಗಿದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕನ್ನು ಬಹಳ ಒತ್ತಡದಿಂದ ನುಗ್ಗಿಸುತ್ತಾರೆ. ಕ್ಷಣಗಳಲ್ಲಿ ಅದು ಆರಿ ಗಟ್ಟಿಯಾಗುತ್ತದೆ. ಪ್ಲಾಸ್ಟಿಕಿನ ಬೆಲೆ ಅಲ್ಪ. ಉಕ್ಕಿನ ಅಚ್ಚಿನ ಬೆಲೆ ಅಪಾರ. ಲೆಕ್ಕದ ಸಲುವಾಗಿ ಒಂದು ಅಚ್ಚಿಗೆ ೫೦ ಲಕ್ಷ ರೂಪಾಯಿ ತಗಲುತ್ತದೆಂದು ಇಟ್ಟುಕೊಳ್ಳೋಣ. ಒಂದು ಲಕ್ಷ ಪೆಟ್ಟಿಗೆಗಳು ಮಾರಾಟವಾದರೆ ಪ್ರತಿ ಪೆಟ್ಟಿಗೆಯ ಮೇಲೆ ಬೀಳುವ ಅಚ್ಚಿನ ಹೊರೆ ೫೦ ರೂಪಾಯಿ. ಸಾವಿರವೇ ಮಾರಾಟವಾದರೆ ಹೊರೆ ೫,೦೦೦ ರೂಪಾಯಿ! ಆದುದರಿಂದ ವ್ಯಾಪಾರಿಯು ಖಂಡಿತವಾಗಿ ಮಾರಾಟವಾಗುವ ವಿಮಾನವನ್ನೇ ಆರಿಸುತ್ತಾನೆ. ಹಾಗೆ ಆರಿಸಿದುದು ಎಲ್ಲ ಕಡೆಯೂ ದೊರೆಯುತ್ತದೆ. ಎಲ್ಲ ಕಡೆಯೂ ದೊರೆಯುವುದರಿಂದ ಎಲ್ಲರೂ ಅದನ್ನೇ ಬಲ್ಲರು. ಎಲ್ಲರೂ ಬಲ್ಲುದರಿಂದ ಮತ್ತೆ ಅದನ್ನೇ ಕೊಳ್ಳುತ್ತಾರೆ. ಇದು ಗಾಣದ ಎತ್ತಿನ ದಾರಿ.

ಈ ದಾರಿಯ ಆರಂಭವನ್ನೂ ನೋಡಬಹುದು. ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆಯು ೧೯೫೩ರಲ್ಲಿ ತನ್ನ ಮೊದಲನೆಯ ವಿಮಾನದ ಕಿಟ್ಟನ್ನು ಎರಡು ಷಿಲಿಂಗ್ ಬೆಲೆಗೆ ಮಾರಿತು. ಅದು ಸ್ಪಿಟ್‌ಫೈರ್. ೧೯೪೦ರ ಬ್ರಿಟನ್ ಕದನದ ನೆನಪು ಆಗ ಜನರ ಮನಸ್ಸಿನಲ್ಲಿ ಹಸಿಯಾಗಿಯೇ ಇತ್ತು. ಆ ವಿಮಾನದ ಅಂಡಾಕೃತಿಯ ರೆಕ್ಕೆಗಳಾದರೋ ಕಣ್ಣಿಗೆ ಬಲು ಚೆಲುವು. ಆದರೆ ಆ ಕದನದಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಹೋರಾಡಿದ್ದು, ಹೆಚ್ಚು ಶತ್ರುವಿಮಾನಗಳನ್ನು ಕೆಡವಿದ್ದು ಸ್ಪಿಟ್‌ಫೈರ್ ಅಲ್ಲ, ಹರಿಕೇನ್. ಅದರ ರೆಕ್ಕೆ ದಪ್ಪ. ಒಡಲಿನ ಹಿಂಭಾಗಕ್ಕೆ ಬಟ್ಟೆಯ ಹೊದಿಕೆ. ರೂಪದಲ್ಲಿ ಕೊಂಚ ಒರಟು. ೧೯೪೪ರಲ್ಲಿ ಇಂಫಾಲದ ರಣರಂಗದಲ್ಲಿ ಅರ್ಜನ್ ಸಿಂಗರ ನಾಯಕತ್ವದಲ್ಲಿ ನಮ್ಮ ವಾಯುದಳದ ಒಂದನೆಯ ಸ್ಕ್ವಾಡ್ರನ್ ಹಾರಿಸಿದುದೂ ಹರಿಕೇನ್ ವಿಮಾನವನ್ನೇ. ಆದರೂ ನಮ್ಮ ಮೇಜಿನ ಮೇಲೆ ಸ್ಪಿಟ್‌ಫೈರ್ ಐದು, ಹರಿಕೇನ್ ಒಂದೂ ಇಲ್ಲ! ದುಡಿದವನೊಬ್ಬ, ಹೆಸರು ಪಡೆದವನೊಬ್ಬ ಎಂಬುದು ಯಂತ್ರಗಳಿಗೂ ತಪ್ಪಿದ್ದಲ್ಲ.

ಇನ್ನು ಮಾರುತದ ಕಥೆ. ಇದರ ವಿನ್ಯಾಸಕ್ಕೆ ಮುಖ್ಯಸ್ಥರಾಗಿದ್ದವರು ಜರ್ಮನಿಯ ಕುರ್ಟ್ ಟ್ಯಾಂಕ್. ಅವರು ೧೯೫೬ರಲ್ಲಿ ಬೆಂಗಳೂರಿಗೆ ಬಂದು ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ನಮ್ಮ ಎಂಜಿನಿಯರುಗಳ ಜೊತೆಗೂಡಿ ಕೆಲಸಕ್ಕೆ ತೊಡಗಿದರು. ಮೊದಲು ಮರದಿಂದ ಪೂರ್ಣ ಗಾತ್ರದ, ಎಂಜಿನ್ ಇಲ್ಲದ ವಿಮಾನವೊಂದನ್ನು ಮಾಡಿ ೧೯೫೯ರಲ್ಲಿ ಗಾಳಿಯಲ್ಲಿ ತೇಲಿಸಿ ಪರೀಕ್ಷಿಸಿದರು. ೧೯೬೧ರ ಜೂನ್ ೧೭ರಂದು ನಿಜವಾದ ಮಾರುತವು ಸುರಂಜನ್ ದಾಸ್ ಎಂಬ ಧೀರ ಚಾಲಕರ ಕೈಯಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ೧೯೬೭ರಲ್ಲಿ ಅದು ವಾಯುದಳವನ್ನು ಸೇರಿತು. ಒಟ್ಟು ೧೪೭ ಮಾರುತಗಳು ತಯಾರಾದುವು. ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಅವು ಹೋರಾಡಿದುವು. ಅದರಲ್ಲಿ ಕೊರತೆ ಇರಲಿಲ್ಲವೆಂದಲ್ಲ. ತಕ್ಕ ಬಲದ ಎಂಜಿನ್ ದೊರೆಯದೆ, ವಿನ್ಯಾಸಕರು ಬಯಸಿದ ವೇಗ ಅದಕ್ಕೆ ಎಂದೂ ಕೈಗೂಡಲಿಲ್ಲ. ೧೯೭೦ರಲ್ಲಿ ಸುಧಾರಿಸಿದ ಮಾರುತವೊಂದನ್ನು ಪರೀಕ್ಷಿಸುವಾಗ ಸುರಂಜನ್ ದಾಸರು ಪ್ರಾಣವನ್ನೇ ತೆತ್ತರು. ಬೆಂಗಳೂರಿನ ಒಂದು ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಈಗ ಒಂದು ವಿಚಿತ್ರವನ್ನು ಗಮನಿಸಿರಿ. ಇದೇ ಟ್ಯಾಂಕರು ರೂಪಿಸಿದ, ಎರಡನೆಯ ಮಹಾಯುದ್ಧದ ಕಾಲದ ಫೋಕೆ-ವುಲ್ಫ್ ೧೯೦ ಎಂಬ ವಿಮಾನದ ಕಿಟ್ಟುಗಳು ಹತ್ತಾರು ಬಗೆಯಲ್ಲಿ ದೊರೆಯುತ್ತವೆ; ಅದು ಸಹಜವೇ. ಆದರೆ ಅವರ ಸಂಸ್ಥೆಯ ಟಿಎ ೧೮೩ ಎಂಬ ಜೆಟ್ ವಿಮಾನವು ಯುದ್ಧ ಮುಗಿಯುವಷ್ಟರಲ್ಲಿ ನಕ್ಷೆಯ ಕಾಗದವನ್ನು ಬಿಟ್ಟು ಆಕಾಶವನ್ನು ಕಂಡದ್ದೇ ಇಲ್ಲ. ಅದಕ್ಕೂ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಪ್ಲಾಸ್ಟಿಕ್ ಕಿಟ್ ಮಾಡಿವೆ! ಎಂದೂ ಹಾರದ ವಿಮಾನಕ್ಕೆ ಅಚ್ಚು ಉಂಟು. ಹಾರಿ, ಹೋರಾಡಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇವೆ ಮಾಡಿದ ವಿಮಾನವನ್ನು ಹೆಸರಾದ ದೊಡ್ಡ ಸಂಸ್ಥೆಗಳ ಪೆಟ್ಟಿಗೆಗಳಲ್ಲಿ ನಾನು ಕಂಡಿಲ್ಲ. ಇಲ್ಲಿ ವ್ಯಾಪಾರಿಯನ್ನು ಬಯ್ದು ಫಲವಿಲ್ಲ. ಜರ್ಮನಿಯ ಕಾಗದದ ವಿಮಾನವನ್ನು ಕೇಳುವವರು ಇದ್ದಾರೆ. ಬೆಂಗಳೂರಿನ ಲೋಹದ ವಿಮಾನವನ್ನು ಕೇಳುವವರು ಸಾಕಷ್ಟಿಲ್ಲ. ಕೇಳಬೇಕಾದವರು ಯಾರು? ನಾವೇ ಅಲ್ಲವೆ? ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಹೊಳೆಯದು.

ಹಾಗಾದರೆ ಸ್ಪಿಟ್‌ಫೈರನ್ನು ಮಾಡಕೂಡದೋ? ಹಾಗೆಂದು ನಾನು ಹೇಳುವುದಿಲ್ಲ. ಜನಪ್ರಿಯ ವಿಮಾನದ ಕಿಟ್ಟು ಅಗ್ಗ. ಅದರ ಭಾಗಗಳು ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆ. ಕೆಟ್ಟರೆ ಇನ್ನೊಂದು ಸಿಗುತ್ತದೆ. ಎಳೆಯ ಕೈ ಪಳಗುವುದಕ್ಕೆ ಅದೇ ಒಳ್ಳೆಯದು. ಅಪರೂಪದ ವಿಮಾನಗಳ ಕಿಟ್ಟುಗಳನ್ನು ಸಣ್ಣ ಸಂಸ್ಥೆಗಳು ರಬ್ಬರಿನ ಅಚ್ಚಿನಲ್ಲಿ ರಾಳವನ್ನು ಎರಕ ಹೊಯ್ದು ಸ್ವಲ್ಪಸ್ವಲ್ಪವಾಗಿ ಮಾಡುತ್ತವೆ. ಅವು ದುಬಾರಿ, ಉಜ್ಜಿ, ತುಂಬಿ, ಸರಿಪಡಿಸುವ ಕೆಲಸವೂ ಹೆಚ್ಚು. ಮೊದಲ ಪ್ರಯತ್ನಕ್ಕೇ ಅವುಗಳನ್ನು ಹಿಡಿದ ಹುಡುಗನು ಬೇಸತ್ತು ಹವ್ಯಾಸವನ್ನೇ ಬಿಟ್ಟಾನು.

ಅಪರೂಪವೆಂಬ ಕಾರಣಕ್ಕಾಗಿಯೇ ಅಪರೂಪವನ್ನು ಬಯಸುವುದೂ ಒಂದು ಬಗೆಯ ಜಂಬ. ತಯಾರಿಕೆ ನಿಂತ ಹಳೆಯ ಕಿಟ್ಟಿಗೆ ಬಹಳ ಹಣ ತೆತ್ತು ತಂದು, ಪೆಟ್ಟಿಗೆಯನ್ನು ತೆರೆಯದೆಯೇ ಕಪಾಟಿನಲ್ಲಿಟ್ಟು, ಇದು ಬೇರೆ ಯಾರಲ್ಲಿಯೂ ಇಲ್ಲವೆಂದು ಹಿಗ್ಗುವವರುಂಟು. ತೆರೆಯದ ಪೆಟ್ಟಿಗೆ ವಿಮಾನವಲ್ಲ. ಅದಕ್ಕಿಂತ ಅಂಟು ಸೋರಿ ಬಣ್ಣ ಮೆತ್ತಿಕೊಂಡ ಐದನೆಯ ಸ್ಪಿಟ್‌ಫೈರೇ ಮೇಲು. ಅದರಲ್ಲಿ ಒಬ್ಬ ಹುಡುಗನ ದುಡಿಮೆಯಾದರೂ ಇದೆ.

ನನ್ನ ಸೂಚನೆ ಇಷ್ಟೇ. ಅಂಗಡಿಯ ವಿಮಾನದಲ್ಲಿ ಕೈಯನ್ನು ಪಳಗಿಸಿಕೊಳ್ಳಿರಿ. ಅನಂತರ ಒಂದನ್ನಾದರೂ, ಅಂಗಡಿಯಲ್ಲಿ ಸಿಗದುದನ್ನು, ಸ್ವಂತ ಕೈಯಿಂದ ಮಾಡಿರಿ. ಅದಕ್ಕೆ ಉಕ್ಕಿನ ಅಚ್ಚು ಬೇಡ. ದಪ್ಪ ರಟ್ಟು, ಹಗುರವಾದ ಬಾಲ್ಸಾ ಮರ, ಗರಗಸದಲಗು, ಉಪ್ಪುಕಾಗದ, ಅಂಟು ಇವಿಷ್ಟು ಸಾಕು. ಮಾದರಿ ವಿಮಾನಗಳಿಗೆ ಬಹುಕಾಲದಿಂದ ರೂಢಿಯಲ್ಲಿರುವ ಪ್ರಮಾಣ ೭೨ಕ್ಕೆ ೧. ಅಂದರೆ ಆರು ಅಡಿಯ ಮನುಷ್ಯನು ಒಂದು ಅಂಗುಲವಾಗುತ್ತಾನೆ. ಮಾರುತದ ಉದ್ದ ೧೫.೮೭ ಮೀಟರ್; ರೆಕ್ಕೆಯ ತುದಿಯಿಂದ ತುದಿಗೆ ೯ ಮೀಟರ್; ಎತ್ತರ ೩.೬ ಮೀಟರ್. ಇವನ್ನು ೭೨ರಿಂದ ಭಾಗಿಸಿದರೆ ಉದ್ದ ಸುಮಾರು ೨೨ ಸೆಂಟಿಮೀಟರ್, ರೆಕ್ಕೆ ಹನ್ನೆರಡೂವರೆ, ಎತ್ತರ ೫. ಲೆಕ್ಕದ ಪಾಠವೂ ಆಯಿತು, ವಿಮಾನದ ಅಳತೆಯೂ ಸಿಕ್ಕಿತು. ಆಕಾರವನ್ನು ನೋಡಬೇಕೆಂದರೆ ಬೆಂಗಳೂರಿಗೆ ಟಿಕೆಟ್ ತೆಗೆಸಬೇಕಾಗಿಲ್ಲ. ವರಳಿಯ ಬಸ್ಸು ಹತ್ತಿದರಾಯಿತು. ಅಲ್ಲಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ನಿಂತು ನೋಡಿ ಚಿತ್ರ ಬರೆದುಕೊಳ್ಳಿರಿ. ಹಿಂದಕ್ಕೆ ಬಾಗಿದ ರೆಕ್ಕೆಯ ಓರೆ ಎಷ್ಟು, ಗಾಳಿ ಒಳಹೋಗುವ ಬಾಯಿಗಳು ಎಲ್ಲಿವೆ, ಎರಡು ಎಂಜಿನುಗಳು ಹೇಗೆ ಅಕ್ಕಪಕ್ಕದಲ್ಲಿ ಕುಳಿತಿವೆ ಎಂದು ಗುರುತು ಹಾಕಿಕೊಳ್ಳಿರಿ. ಕಿಟ್ಟು ಕಟ್ಟುವವನು ಅನ್ಯರು ನೋಡಿಟ್ಟುದನ್ನು ಜೋಡಿಸುತ್ತಾನೆ. ಇಲ್ಲದುದನ್ನು ಮಾಡಹೊರಟವನು ತಾನೇ ನೋಡಲು ಕಲಿಯಬೇಕಾಗುತ್ತದೆ. ಅಪರೂಪದ ವಿಷಯದಿಂದ ದೊರೆಯುವ ನಿಜವಾದ ಲಾಭ ಇದು.

ಈ ಮಹಾನಗರದಲ್ಲಿ ಕನ್ನಡ ಶಾಲೆಯಲ್ಲಿ ಓದುವ ನಿಮಗೆ ಇದನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ನಿಮ್ಮ ಬೀದಿಯ ಪುಸ್ತಕದಂಗಡಿಯಲ್ಲಿ ಕನ್ನಡ ಪುಸ್ತಕ ಸಿಗುವುದು ಅಪರೂಪ. ಹಾಗೆಂದು ಕನ್ನಡದಲ್ಲಿ ಪುಸ್ತಕಗಳೇ ಇಲ್ಲವೆಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ಹುಡುಕಿಕೊಂಡು ಹೋಗಿ ತರುತ್ತೀರಿ. ಸಿಗದಿದ್ದರೆ ಗೆಳೆಯನ ಪ್ರತಿಯನ್ನು ನಕಲು ಮಾಡಿಕೊಳ್ಳುತ್ತೀರಿ. ವಿಮಾನದ ವಿಷಯದಲ್ಲಿಯೂ ಅದೇ ಬುದ್ಧಿಯನ್ನು ಉಪಯೋಗಿಸಿರೆಂದು ಕೇಳುತ್ತಿದ್ದೇನೆ.

ಬರುವ ವರ್ಷವೂ ಪ್ರದರ್ಶನದಲ್ಲಿ ಅದೇ ಮೇಜು ಇರುತ್ತದೆ. ಸ್ಪಿಟ್‌ಫೈರುಗಳಿಗೆ ಅಲ್ಲಿ ಸ್ವಾಗತವೇ. ಆದರೆ ನಟ್ಟನಡುವೆ ೨೨ ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಸೆಂಟಿಮೀಟರ್ ಅಗಲದ ಒಂದು ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ ಬರಿದಾಗಿ ಬಿಡುತ್ತೇನೆ. ಅದನ್ನು ತುಂಬುವವರು ಯಾವ ತರಗತಿಯವರಾದರೂ ಸರಿಯೆ. ಅಂದು ನೋಡಬಂದವರೊಬ್ಬರು, "ಇದು ಯಾವ ದೇಶದ್ದು?" ಎಂದು ಕೇಳಿದರೆ ಉತ್ತರ ಹೇಳತಕ್ಕವನು ನಾನಲ್ಲ, ಅದನ್ನು ಮಾಡಿದ ವಿದ್ಯಾರ್ಥಿ.